ನಡುರಾತ್ರಿ ನಲ್ಲಿ ಕಾಯುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರಿನ ಬಗ್ಗೆ, ಅದರಲ್ಲೂ ರಾತ್ರಿ ನೀರಿನ ಬಗ್ಗೆ. ಕೆಲವರಿಗೆ ನೀರು ಬರುವುದೇ ನಡುರಾತ್ರಿ. ಇನ್ನು ಕೆಲವರಿಗೆ ರಾತ್ರಿಯಾದರೆ ನಲ್ಲಿ ಬಂದ್. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನಷ್ಟೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾವು ಹಳೇ ಬಡಾವಣೆಯ ಒಂದು ವಠಾರದಲ್ಲಿದ್ದೇವೆ. ನಾಲ್ಕು ಮನೆಗೆ ಒಂದೇ ನಲ್ಲಿ, ಸಂಪ್ ಇಲ್ಲ. ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತೆ. ಒಂದೂವರೆಗೆ ಬರುತ್ತೋ ಮೂರಕ್ಕೆ ಬರುತ್ತೋ ಗೊತ್ತಾಗಲ್ಲ. ನಲ್ಲಿ ತಿರುಗಿಸಿಟ್ಟು ಕೆಳಗೆ ಖಾಲಿ ಸ್ಟೀಲ್ ಬಕೆಟ್ ಇಟ್ಟು ಮಲಗ್ತೀನಿ, ಸದ್ದಾದರೆ ಎಚ್ಚರ ಆಗಲಿ ಅಂತ. ಯಜಮಾನರಿಗೆ ನೈಟ್ ಡ್ಯೂಟಿ, ಅತ್ತೆಗೆ ಮಂಡಿ ನೋವು, ಬೆಳಗ್ಗೆ ಮಗಳ ಸ್ಕೂಲು. ಹಗಲು ಬಿಟ್ಟರೆ ಏನಾಗುತ್ತೆ ಇವರಿಗೆ? – ಒಬ್ಬ ಗೃಹಿಣಿ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಮೊದಲು ಕಾರಣ ಹೇಳುತ್ತೇನೆ, ಯಾಕೆಂದರೆ ಕಾರಣ ಗೊತ್ತಿದ್ದರೆ ಏನು ಕೇಳಬೇಕು ಅನ್ನುವುದು ಸರಿಯಾಗಿ ತಿಳಿಯುತ್ತದೆ.

ನಮ್ಮ ಬೆಂಗಳೂರಿಗೆ ನೀರು ಸುಮಾರು 100 ಕಿ.ಮೀ. ದೂರದಿಂದ ಬರುತ್ತದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಅಲ್ಲಿಂದ, ಹಾರೋಹಳ್ಳಿಯಿಂದ, ತಾತಗುಣಿಯಿಂದ, ಹೀಗೆ ಮೂರು ಕಡೆ ಪಂಪ್ ಮಾಡಿ ಹೆಚ್ಚುಕಡಿಮೆ ಅರ್ಧ ಕಿ.ಮೀ. ಎತ್ತರಕ್ಕೆ ಏರಿಸಬೇಕು. ಈ ಪಂಪುಗಳು ಹಗಲೂ ರಾತ್ರಿ ಓಡುತ್ತವೆ. ರಾತ್ರಿ ಬಂದ ನೀರನ್ನೆಲ್ಲ ಬೆಳಗಿನವರೆಗೆ ತುಂಬಿಡುವಷ್ಟು ಜಲಾಗಾರಗಳು ನಗರದ ಎಲ್ಲ ಕಡೆ ಇಲ್ಲ. ಜೊತೆಗೆ ಎಲ್ಲ ಬೀದಿಗೂ ಒಟ್ಟಿಗೆ ಬಿಟ್ಟರೆ ಪ್ರೆಷರ್ ಸಾಲುವುದಿಲ್ಲ. ಅದಕ್ಕೇ ವಾಲ್ವ್ ತಿರುಗಿಸಿ ಸರದಿ ಪ್ರಕಾರ ಬಿಡುತ್ತಾರೆ. ಬೆಂಗಳೂರು ಸಮತಟ್ಟು ಊರೂ ಅಲ್ಲ. ದಿಣ್ಣೆಯ ಮೇಲಿರುವ ಬೀದಿಗೆ ನೀರು ಹತ್ತಬೇಕಾದರೆ ತಗ್ಗಿನವರು ನಲ್ಲಿ ನಿಲ್ಲಿಸಬೇಕು, ಅವರು ನಿಲ್ಲಿಸುವುದು ಮಲಗಿದ ಮೇಲೆ.

ಇಷ್ಟನ್ನೂ ಒಪ್ಪೋಣ. ಆದರೆ ಸರದಿ ಅಂದ ಮೇಲೆ ಅದಕ್ಕೊಂದು ಹೊತ್ತು ಇರಬೇಕು ಅಲ್ವಾ? ನೀರು ಕಡಿಮೆ ಅಂದರೆ ಜನ ತಡೆದುಕೊಳ್ಳುತ್ತಾರೆ, ಈ ಊರಿನ ಹೆಂಗಸರು ಎಷ್ಟೋ ವರ್ಷದಿಂದ ತಡೆದುಕೊಂಡೇ ಬಂದಿದ್ದಾರೆ, ಆದರೆ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದೆ ವಾರಗಟ್ಟಲೆ ನಿದ್ದೆಗೆಡುವುದನ್ನು ಯಾರಾದರೂ ಯಾಕೆ ತಡೆದುಕೊಳ್ಳಬೇಕು? ಪೈಪು, ಪಂಪು, ಜಲಾಗಾರಕ್ಕೆ ಕೋಟಿಗಟ್ಟಲೆ ದುಡ್ಡು ಬೇಕು ನಿಜ. ನಾಳೆ ಇಷ್ಟು ಗಂಟೆಗೆ ಬಿಡುತ್ತೇವೆ ಅಂತ ಹಿಂದಿನ ದಿನ ಒಂದು ಮೆಸೇಜ್ ಹಾಕುವುದಕ್ಕೆ ಅದ್ಯಾವುದೂ ಬೇಡ.

ಹಾಗಾಗಿ ನೀವು ಕೇಳಬೇಕಾದದ್ದು ಹೆಚ್ಚು ನೀರಲ್ಲ, ಗೊತ್ತಾದ ಹೊತ್ತು. ನೀರು ಯಾವತ್ತು, ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ನಿಂತಿತು ಅಂತ ಹದಿನೈದು ದಿನ ಕ್ಯಾಲೆಂಡರ್ ಮೇಲೇ ಬರೆಯಿರಿ. ಬೀದಿಯವರೆಲ್ಲ ಸಹಿ ಹಾಕಿ, ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ ಬರೆದು, ನಿಮ್ಮ ಉಪವಿಭಾಗದ ಜಲಮಂಡಳಿ ಕಚೇರಿಗೆ ಅರ್ಜಿ ಕೊಡಿ. ಎರಡು ಮಾತು ಸ್ಪಷ್ಟವಾಗಿ ಇರಲಿ. ಒಂದು, ಹೊತ್ತು ನಿಗದಿ ಮಾಡಿ ಮುಂಚೆ ತಿಳಿಸಬೇಕು. ಎರಡು, ರಾತ್ರಿ ಸರದಿ ಯಾವಾಗಲೂ ಒಂದೇ ಬೀದಿಗೆ ಬೀಳಬಾರದು, ಅಕ್ಕಪಕ್ಕದ ಬೀದಿಗಳ ಜೊತೆ ಅದಲು ಬದಲು ಆಗಬೇಕು. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಸಹಾಯವಾಣಿ 1916ಕ್ಕೂ ಫೋನ್ ಮಾಡಿ ದೂರಿನ ನಂಬರ್ ತಗೊಳ್ಳಿ. ಜಲಮಂಡಳಿ ನೀರಿನ ಅದಾಲತ್ ಕೂಡ ನಡೆಸುತ್ತದೆ, ಅಲ್ಲಿಗೆ ಹೋಗುವಾಗ ಆ ಕ್ಯಾಲೆಂಡರ್ ಹಾಳೆ ಕೈಯಲ್ಲಿರಲಿ.

ಅರ್ಜಿಗೆ ಉತ್ತರ ಬರುವ ತನಕ ಇನ್ನೊಂದು ದಾರಿ ಇದೆ. ವಠಾರದ ಮಾಲೀಕರನ್ನು ಕೂರಿಸಿಕೊಂಡು ಮಾತಾಡಿ. ಸಂಪ್ ತೋಡಿಸಲು ಜಾಗ ಇಲ್ಲದಿದ್ದರೆ ಬೇಡ, 500 ಲೀಟರಿನ ಒಂದು ಪ್ಲಾಸ್ಟಿಕ್ ಟ್ಯಾಂಕನ್ನು ನೆಲಕ್ಕೇ ಇಟ್ಟು, ನಲ್ಲಿ ಪೈಪಿನಿಂದ ಅದಕ್ಕೆ ಲೈನ್ ಕೊಟ್ಟು, ಫ್ಲೋಟ್ ವಾಲ್ವ್ ಹಾಕಿಸಿದರೆ ಸಾಕು. ಟ್ಯಾಂಕ್ ತಗ್ಗಿನಲ್ಲಿದ್ದರೆ ಮೋಟಾರ್ ಇಲ್ಲದೆ ತಾನೇ ತುಂಬುತ್ತದೆ, ತುಂಬಿದ ಮೇಲೆ ತಾನೇ ನಿಲ್ಲುತ್ತದೆ. ನಾಲ್ಕು ಮನೆಗೆ ಸಮನಾಗಿ ಹಂಚಿಕೊಳ್ಳಲು ಬೆಳಗ್ಗೆ ಆರಕ್ಕೆ ಎಲ್ಲರೂ ಇರುವಾಗ ಹಿಡಿಯೋಣ ಅಂತ ಮಾತಾಡಿಕೊಳ್ಳಿ. ನೀವು ಮಲಗಬೇಕು, ಅಮ್ಮಾ. ಅದು ಎಲ್ಲಕ್ಕಿಂತ ಮೊದಲು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೀರು ಉಳಿಸಬೇಕು ಅಂತ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಐದರವರೆಗೆ ನೀರು ಬಂದ್ ಮಾಡ್ತಾರೆ. ನಾನು ಆಸ್ಪತ್ರೆಯಲ್ಲಿ ನರ್ಸ್. ಸೆಕೆಂಡ್ ಶಿಫ್ಟ್ ಮುಗಿಸಿ ಮನೆಗೆ ಬರುವಾಗ ಹನ್ನೆರಡಾಗುತ್ತೆ. ಸ್ನಾನ ಮಾಡದೆ ಮಗು ಹತ್ತಿರ ಹೋಗೋಕೆ ಮನಸ್ಸು ಬರಲ್ಲ. ಕಮಿಟಿಯವರು ‘ಬಕೆಟ್ ತುಂಬಿಟ್ಟುಕೊಳ್ಳಿ’ ಅಂತಾರೆ. ಬಾಡಿಗೆಯವರು ಮಾತಾಡಬಾರದಾ? – ಓದುಗರು, ಹೊರವರ್ತುಲ ರಸ್ತೆ ಹತ್ತಿರ

ಉತ್ತರ: ಮಾತಾಡಲೇಬೇಕು. ಮೆಂಟೆನೆನ್ಸ್ ದುಡ್ಡಿನಲ್ಲಿ ನಿಮ್ಮ ಪಾಲೂ ಇದೆ.

ಕಮಿಟಿಯವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. 2024ರ ಬೇಸಿಗೆ ಯಾರೂ ಮರೆತಿಲ್ಲ. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಆಗ ಸರ್ಕಾರವೇ ಹೇಳಿತ್ತು. ಟ್ಯಾಂಕರ್ ರೇಟು ಕೈಮೀರಿ ಹೋಗಿ, ಕೊನೆಗೆ ಜಿಲ್ಲಾಡಳಿತ 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂ., 12,000 ಲೀಟರಿಗೆ 1,000 ರೂ. ಅಂತ ದರ ನಿಗದಿ ಮಾಡಬೇಕಾಯಿತು. ಅಂಥ ಹೊತ್ತಿನಲ್ಲಿ ಶುರುವಾದ ರಾತ್ರಿ ಬಂದ್ ಎಷ್ಟೋ ಕಡೆ ಹಾಗೇ ಉಳಿದುಕೊಂಡಿದೆ.

ಆದರೆ ಈ ಬಂದ್‌ನಿಂದ ನಿಜವಾಗಿ ಏನು ಉಳಿಯುತ್ತದೆ? ರಾತ್ರಿ ಹನ್ನೆರಡಕ್ಕೆ ಇಡೀ ಕಟ್ಟಡದಲ್ಲಿ ಎದ್ದಿರುವವರೇ ಕೆಲವರು. ಅವರ ಒಂದೆರಡು ಬಕೆಟ್ ನೀರಿನಿಂದ ಸಂಪ್ ಬರಿದಾಗುವುದಿಲ್ಲ. ಬಂದ್ ಮಾಡಿದ ಮೇಲೆ ಟ್ಯಾಂಕಿನಲ್ಲಿ ತುಂಬಾ ನೀರು ಉಳಿಯುತ್ತಿದೆ ಅಂದರೆ, ಅಷ್ಟು ದಿನ ಅದು ಸೋರಿ ಹೋಗುತ್ತಿತ್ತು ಅಂತಲೇ ಅರ್ಥ. ಹಗಲು ಹದಿನೆಂಟು ಗಂಟೆ ಈಗಲೂ ಸೋರುತ್ತಿದೆ! ಇದನ್ನು ಕಮಿಟಿ ಮುಂದೆ ಹೀಗೇ ಇಡಿ.

ಪರೀಕ್ಷೆ ಸುಲಭ. ಒಂದು ರಾತ್ರಿ ಮೋಟಾರ್ ನಿಲ್ಲಿಸಿ, ನೀರು ಬಂದ್ ಮಾಡದೆ, ರಾತ್ರಿ ಒಂದಕ್ಕೆ ಒಂದು ಸಲ, ನಾಲ್ಕಕ್ಕೆ ಇನ್ನೊಂದು ಸಲ ಓವರ್‌ಹೆಡ್ ಟ್ಯಾಂಕಿನ ಮಟ್ಟ ಅಳೆಯಲಿ. ಎಲ್ಲರೂ ಮಲಗಿರುವಾಗ ಮಟ್ಟ ಎದ್ದು ಕಾಣುವಷ್ಟು ಇಳಿದಿದ್ದರೆ ಅದು ಸೋರಿಕೆಯೇ. ಮನೆಮನೆಯಲ್ಲಿ ಮೊದಲು ನೋಡಬೇಕಾದದ್ದು ಕಮೋಡ್ ಹಿಂದಿನ ಫ್ಲಶ್ ಟ್ಯಾಂಕ್. ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಅದರೊಳಗೆ ಬಿಟ್ಟು, ಫ್ಲಶ್ ಮಾಡದೆ ಅರ್ಧ ಗಂಟೆ ಸುಮ್ನೆ ಬಿಡಿ. ಕೆಳಗೆ ಕಮೋಡಿನೊಳಗೆ ನೀಲಿ ಇಳಿದಿದ್ದರೆ ಒಳಗಿನ ರಬ್ಬರ್ ವಾಷರ್ ಹೋಗಿದೆ. ಕಣ್ಣಿಗೆ ಕಾಣದೆ, ಸದ್ದೂ ಇಲ್ಲದೆ ದಿನವಿಡೀ ಹೋಗುವ ನೀರು ಇದು. ವಾಷರ್ ಬದಲಿಸಲು ದೊಡ್ಡ ಖರ್ಚೇನೂ ಇಲ್ಲ.

ಇದೆಲ್ಲ ಆಗುವ ತನಕ ನಿಮ್ಮಂಥವರಿಗೆ ಹನ್ನೆರಡರಿಂದ ಹನ್ನೆರಡೂವರೆವರೆಗೆ ನೀರು ಬಿಡಿ ಅಂತ ಕೇಳಿ. ಕ್ಯಾಬ್ ಓಡಿಸುವವರು, ಹೋಟೆಲ್ ಕೆಲಸದವರು, ಕಾಲ್ ಸೆಂಟರಿನವರು ನಿಮ್ಮ ಕಟ್ಟಡದಲ್ಲೇ ಇರುತ್ತಾರೆ, ಎಲ್ಲರೂ ಸೇರಿ ಕೇಳಿ. ಬಾಯಿಮಾತಿನಲ್ಲಿ ಬೇಡ, ಬರೆದು ಕೊಡಿ. ರೋಗಿಗಳ ಸೇವೆ ಮಾಡಿ ಬಂದವರಿಗೆ ಕೈಕಾಲು ತೊಳೆಯಲು ನೀರಿಲ್ಲ ಅನ್ನುವುದನ್ನು ಯಾವ ಕಮಿಟಿಯೂ ನಿಯಮದ ಹೆಸರಲ್ಲಿ ಸಮರ್ಥಿಸಿಕೊಳ್ಳಬಾರದು.

ಪ್ರಶ್ನೆ: ನೀರು ಬರುವ ಮುಂಚೆ ಪೈಪಿನಲ್ಲಿ ಸುಯ್ಯ್ ಅಂತ ಗಾಳಿ ಬರುತ್ತೆ, ಆಗ ಮೀಟರ್ ಗಿರಗಿರ ತಿರುಗುತ್ತೆ. ಗಾಳಿಗೂ ನಾವು ದುಡ್ಡು ಕಟ್ಟಬೇಕಾ?

ಉತ್ತರ: ಹೀಗಾಗುವುದು ನಿಜ. ನೀರು ನಿಂತಾಗ ಪೈಪ್ ಖಾಲಿಯಾಗಿ ಗಾಳಿ ತುಂಬಿರುತ್ತದೆ, ಮತ್ತೆ ನೀರು ನುಗ್ಗಿದಾಗ ಅದು ನಿಮ್ಮ ಮೀಟರ್ ಮೂಲಕವೇ ಹೊರಗೆ ಬರುತ್ತದೆ. ಗಾಳಿ ಬರುವ ಮುಂಚೆ ಒಂದು, ನೀರು ಶುರುವಾದ ತಕ್ಷಣ ಒಂದು ಮೀಟರ್ ಫೋಟೊ ತೆಗೆದಿಡಿ. ವ್ಯತ್ಯಾಸ ಜಾಸ್ತಿ ಇದ್ದರೆ ಅದನ್ನೇ ಹಿಡಿದು ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಪೈಪ್ ಖಾಲಿ ಇದ್ದಾಗ, ಎಲ್ಲಾದರೂ ಬಿರುಕಿದ್ದರೆ ಅಕ್ಕಪಕ್ಕದ ಕೊಳಕು ನೀರು ಒಳಗೆ ಸೇರಿಕೊಳ್ಳುತ್ತದೆ. ಕತ್ತಲಲ್ಲಿ, ನಿದ್ದೆಗಣ್ಣಲ್ಲಿ ಹಿಡಿಯುವಾಗ ಬಣ್ಣ ಕಾಣುವುದಿಲ್ಲ. ಮೊದಲು ಬರುವ ನೀರನ್ನು ಬೇರೆ ಬಕೆಟಿಗೆ ಹಿಡಿದು ನೆಲ ಒರೆಸಲು, ಟಾಯ್ಲೆಟ್ಟಿಗೆ ಇಟ್ಟುಕೊಳ್ಳಿ. ಕುಡಿಯುವುದನ್ನು ಕುದಿಸಿಯೇ ಕುಡಿಯಿರಿ. ವಾಸನೆ ಬಂದರೆ ಆ ದಿನವೇ ದೂರು ಕೊಡಿ, ಮಕ್ಕಳಿರುವ ಮನೆಯವರು ಕಾಯಬೇಡಿ.

ಪ್ರಶ್ನೆ: ಕಾವೇರಿ ಐದನೇ ಹಂತ ಬಂತು, ಇನ್ನು ತೊಂದರೆ ಇಲ್ಲ ಅಂದಿದ್ದರು. ನಮಗೆ ಈಗಲೂ ರಾತ್ರಿಯೇ ನೀರು. ಆ ನೀರೆಲ್ಲ ಎಲ್ಲಿ ಹೋಯಿತು?

ಉತ್ತರ: 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅದಕ್ಕೆ ಮುಂಚೆ ಬರುತ್ತಿದ್ದದ್ದು ಸುಮಾರು 145 ಕೋಟಿ ಲೀಟರ್. ಹೊಸ ನೀರು ಮುಖ್ಯವಾಗಿ 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗಾಗಿ ತಂದದ್ದು. ಅವರು ಹದಿನೇಳು ವರ್ಷ ಬೋರ್ ನೀರು, ಟ್ಯಾಂಕರ್ ನೀರಿನಲ್ಲಿ ದಿನ ತಳ್ಳಿದವರು, ಅವರಿಗೆ ಸಿಗಲೇಬೇಕು. ಹಳೇ ಬಡಾವಣೆಗಳ ಕಥೆ ಬೇರೆ. ಅಲ್ಲಿ ಪೈಪುಗಳು ಹಳೆಯವು, ಸೋರಿಕೆ ಮತ್ತು ಕಳ್ಳ ಸಂಪರ್ಕದಿಂದ ನಗರದ ಕಾಲು ಭಾಗಕ್ಕಿಂತ ಹೆಚ್ಚು ನೀರು ಲೆಕ್ಕಕ್ಕೇ ಸಿಗದೆ ಹೋಗುತ್ತಿತ್ತು. ಇದನ್ನು ಕೇಳಬೇಕಾದದ್ದು ಶಾಸಕರನ್ನು, ಅದೂ ಚುನಾವಣೆ ಹೊತ್ತಿನಲ್ಲಿ ಮಾತ್ರ ಅಲ್ಲ: ನಮ್ಮ ಬೀದಿಯ ಪೈಪ್ ಬದಲಿಸುವುದು ಯಾವಾಗ, ನಮ್ಮ ಬಡಾವಣೆಗೆ ಜಲಾಗಾರ ಯಾವಾಗ?

ಪ್ರಶ್ನೆ: ಪಕ್ಕದ ಮನೆಯವರು ಮೇನ್ ಲೈನಿಗೇ ಮೋಟಾರ್ ಹಾಕಿ ಎಳೀತಾರೆ. ನಮಗೆ ಹನಿ ಹನಿ ಬರುತ್ತೆ. ದೂರು ಕೊಟ್ಟರೆ ಜಗಳ ಆಗುತ್ತೆ ಅಂತ ಹೆದರಿಕೆ.

ಉತ್ತರ: ಮೇನ್ ಲೈನಿಗೆ ಮೋಟಾರ್ ಹಾಕುವುದು ಕಾನೂನಿಗೆ ವಿರುದ್ಧ. ಮೋಟಾರ್ ಜಪ್ತಿ ಮಾಡಿ ದಂಡ ಹಾಕಬಹುದು. ಅದು ನಿಮ್ಮ ಪಾಲಿನ ನೀರನ್ನಷ್ಟೇ ಅಲ್ಲ, ಬಿರುಕಿನಿಂದ ಕೊಳಕನ್ನೂ ಎಳೆಯುತ್ತದೆ, ಅವರ ಮನೆಗೂ ಅದೇ ಹೋಗುತ್ತದೆ. ಮೊದಲು ಹಗಲು ಹೊತ್ತಿನಲ್ಲಿ, ಬೀದಿಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಇಷ್ಟನ್ನು ಹೇಳಿ. ನಡುರಾತ್ರಿ ಕೊಡ ಹಿಡಿದುಕೊಂಡು ಮಾತಿಗೆ ನಿಲ್ಲಬೇಡಿ, ಆಗ ಯಾರಿಗೂ ತಾಳ್ಮೆ ಇರುವುದಿಲ್ಲ. ಕೇಳದಿದ್ದರೆ ನಿಮ್ಮೊಬ್ಬರ ಹೆಸರಲ್ಲಿ ಬೇಡ, ಬೀದಿಯ ಎಲ್ಲ ಮನೆಯನ್ನೂ ತಪಾಸಣೆ ಮಾಡಿ ಅಂತ ಎಲ್ಲರ ಸಹಿ ಹಾಕಿಸಿ ಅರ್ಜಿ ಕೊಡಿ.