ಝಡ್ ಪಟ್ಟಿ ಓದಲು ಬರುತ್ತದೆ, ಪ್ರಾಕ್ಕಲ್ಪನೆಯ ಪರೀಕ್ಷೆಯಲ್ಲಿ ಎಡವುತ್ತೇನೆ: ಹೇಗೆ ಅಭ್ಯಾಸ ಮಾಡಲಿ?

ಮಾನಕ ವಿಚಲನೆಯನ್ನು (ಮೌಲ್ಯಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಯಾವಾಗ ಮಾದರಿ ಗಾತ್ರದ ವರ್ಗಮೂಲದಿಂದ ಭಾಗಿಸಬೇಕು, ಪರೀಕ್ಷೆ ಒಂದು ಬದಿಯದೋ ಎರಡು ಬದಿಯದೋ ಎಂದು ಹೇಗೆ ತಿಳಿಯಬೇಕು ಎಂದು ನೀವು ಕೇಳಿದ್ದೀರಿ. ಮಡಿಕೇರಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಅರ್ಥಮಿತಿಯ (ಆರ್ಥಿಕ ದತ್ತಾಂಶಕ್ಕೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸುವ ವಿಷಯ) ಆರಂಭಿಕ ಪಾಠ ಹೇಳುವ ನನಗೆ ಅನ್ನಿಸುವಂತೆ, ಇವೆರಡೂ ಪಟ್ಟಿಯನ್ನು ತೆರೆಯುವ ಮೊದಲೇ ತೀರ್ಮಾನವಾಗಬೇಕಾದ ಸಂಗತಿಗಳು. ಆದ್ದರಿಂದ ಹತ್ತಾರು ಲೆಕ್ಕಗಳನ್ನು ಬಿಡಿಸುವುದಕ್ಕಿಂತ ಒಂದೇ ಲೆಕ್ಕವನ್ನು ತಿರುಗಿಸಿ ಮುರುಗಿಸಿ ಮಾಡುವುದು ಲೇಸು.

ನಮ್ಮ ಕೊಡಗಿನಲ್ಲಿ ಕಾಫಿಯ ದರ 50 ಕೆ.ಜಿ. ಚೀಲದ ಲೆಕ್ಕದಲ್ಲಿ ನಡೆಯುವುದರಿಂದ ಅದನ್ನೇ ತೆಗೆದುಕೊಳ್ಳೋಣ. ಚೀಲದ ತೂಕ ನಾರ್ಮಲ್ ವಿತರಣೆಯಲ್ಲಿದೆ (ಸರಾಸರಿಯ ಸುತ್ತ ಗಂಟೆಯಾಕಾರದ ವಕ್ರರೇಖೆಯಂತೆ ಹರಡಿದೆ), ಸರಾಸರಿ 50, ಮಾನಕ ವಿಚಲನೆ 0.6 ಕೆ.ಜಿ. ಎಂದು ಭಾವಿಸಿ. ಯಾವುದೋ ಒಂದು ಚೀಲ 49.82 ಕೆ.ಜಿ.ಗಿಂತ ಕಡಿಮೆ ತೂಗುವ ಸಂಭವನೀಯತೆ ಎಷ್ಟು? -0.18ನ್ನು 0.6ರಿಂದ ಭಾಗಿಸಿದರೆ ಝಡ್ (ಸರಾಸರಿಯಿಂದ ಎಷ್ಟು ಮಾನಕ ವಿಚಲನೆಗಳಷ್ಟು ದೂರ ಎಂಬ ಸಂಖ್ಯೆ) -0.3, ಪಟ್ಟಿಯಿಂದ ಉತ್ತರ 0.3821. ಹತ್ತರಲ್ಲಿ ಸುಮಾರು ನಾಲ್ಕು ಚೀಲ ಹೀಗೇ ಇರುತ್ತವೆ, ತಕರಾರಿಗೆ ಆಸ್ಪದವಿಲ್ಲ. ಆದರೆ 36 ಚೀಲಗಳ ಸರಾಸರಿಯೇ 49.82 ಬಂದಿದ್ದರೆ ಪ್ರಶ್ನೆ ಸರಾಸರಿಯ ಬಗ್ಗೆ ಆಗುತ್ತದೆ. ಸರಾಸರಿಯ ಏರಿಳಿತವನ್ನು ಅಳೆಯುವ ಮಾನಕ ದೋಷ 0.6 ಭಾಗ 36ರ ವರ್ಗಮೂಲವಾದ 6, ಅಂದರೆ 0.1. ಝಡ್ -1.8 ಆಗಿ ಸಂಭವನೀಯತೆ 0.0359ಕ್ಕೆ ಇಳಿಯುತ್ತದೆ. ಯಾವುದರ ವಿತರಣೆ ಎಂಬುದನ್ನು ಕಾಗದದ ಮೇಲೆ ಒಂದು ವಾಕ್ಯವಾಗಿ ಬರೆಯದೆ ಮುಂದೆ ಹೋಗಬೇಡಿ.

ಇನ್ನು ಬದಿಯ ಮಾತು. ಶೂನ್ಯ ಪ್ರಾಕ್ಕಲ್ಪನೆ, ಅಂದರೆ ಪರೀಕ್ಷೆಗಾಗಿ ಸದ್ಯಕ್ಕೆ ನಿಜವೆಂದು ಒಪ್ಪುವ ಹೇಳಿಕೆ, 'ಸರಾಸರಿ 50' ಎಂದಿರಲಿ. ಕೊಳ್ಳುವ ವ್ಯಾಪಾರಿಗೆ ತೂಕ ಕಡಿಮೆಯಾಗಿದೆಯೇ ಎಂಬುದಷ್ಟೇ ಚಿಂತೆ, ಹೆಚ್ಚಿದ್ದರೆ ಅವನು ಬಾಯಿ ಬಿಡುವವನಲ್ಲ, ಶೇ. 5ರ ಮಟ್ಟದಲ್ಲಿ (ನಿಜವಾದ ಪ್ರಾಕ್ಕಲ್ಪನೆಯನ್ನು ತಪ್ಪಾಗಿ ತಿರಸ್ಕರಿಸುವ ಸಂಭವನೀಯತೆ ಶೇ. 5 ಇರುವಂತೆ) ಅವನ ಗಡಿ -1.645, ಹಾಗಾಗಿ -1.8ಕ್ಕೆ ಅವನು ಪ್ರಾಕ್ಕಲ್ಪನೆಯನ್ನು ತಿರಸ್ಕರಿಸುತ್ತಾನೆ. ತಕ್ಕಡಿ ಸರಿಯಿದೆಯೇ ಎಂದು ನೋಡುವವನಿಗೆ ಹೆಚ್ಚೂ ತಪ್ಪೇ, ಕಡಿಮೆಯೂ ತಪ್ಪೇ. ಅವನ ಗಡಿ ಎರಡೂ ಕಡೆ 1.96, ಪಿ ಮೌಲ್ಯ 0.0719, ತಿರಸ್ಕರಿಸುವಂತಿಲ್ಲ. ದತ್ತಾಂಶ ಒಂದೇ, ತೀರ್ಪು ಎರಡು. ಫಲಿತಾಂಶವನ್ನು ನೋಡಿ ಅನುಕೂಲದ ಬದಿಯನ್ನು ಆರಿಸಿಕೊಳ್ಳುವುದು ಮೋಸವೆಂದೇ ನನ್ನ ಅಭಿಪ್ರಾಯ. 0.0719 ಎಂಬುದು ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವನೀಯತೆಯೂ ಅಲ್ಲ. ಅದು ನಿಜವೆಂದು ಒಪ್ಪಿದಾಗ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಂಭವನೀಯತೆ.

ಪಟ್ಟಿಗಳೂ ಒಂದೇ ತೆರನಾಗಿರುವುದಿಲ್ಲ: 1.8ಕ್ಕೆ ಒಂದು ಪಟ್ಟಿ 0.4641 ಎಂದರೆ ಇನ್ನೊಂದು 0.9641 ಎನ್ನುತ್ತದೆ, ಏಕೆಂದರೆ ಮೊದಲನೆಯದು ಸೊನ್ನೆಯಿಂದ ಅಳೆಯುತ್ತದೆ, ಎರಡನೆಯದು ಎಡಗಡೆಯ ಪೂರ್ತಿ ಕ್ಷೇತ್ರವನ್ನು ಕೊಡುತ್ತದೆ. ವಕ್ರರೇಖೆಯನ್ನು ಬಿಡಿಸಿ ಬೇಕಾದ ಭಾಗಕ್ಕೆ ಗೆರೆ ಹಾಕಿಕೊಂಡರೆ ಈ ಗೊಂದಲ ಉಳಿಯುವುದಿಲ್ಲ.

ಮಾನಕ ವಿಚಲನೆಯನ್ನೂ ಮಾದರಿಯಿಂದಲೇ ಅಂದಾಜು ಮಾಡಿದಾಗ ಝಡ್ ಬದಲು ಟಿ ವಿತರಣೆ ಬರುತ್ತದೆ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿದರು. 0.6 ಎಂಬುದು ಮಾದರಿಯಿಂದಲೇ ಬಂದದ್ದೆಂದು ಭಾವಿಸಿ ಮೇಲಿನ ಲೆಕ್ಕವನ್ನೇ ಟಿ ಪಟ್ಟಿಯಿಂದ ಮತ್ತೆ ಮಾಡಿ, ಪಟ್ಟಿಯ ಸಾಲು ಸ್ವಾತಂತ್ರ್ಯ ಮಟ್ಟದ್ದು: ವೀಕ್ಷಣೆಗಳ ಸಂಖ್ಯೆಯಿಂದ ಅಂದಾಜು ಮಾಡಿದವುಗಳ ಸಂಖ್ಯೆಯನ್ನು ಕಳೆದರೆ, ಇಲ್ಲಿ 36ರಲ್ಲಿ 1 ಹೋಗಿ 35. ಎರಡು ಬದಿಯ ಗಡಿ 1.96ರಿಂದ 2.03ಕ್ಕೆ ಸರಿಯುವುದು ಕಾಣುತ್ತದೆ. ರಿಗ್ರೆಶನ್‌ನಲ್ಲಿ (ಒಂದು ಅಂಶ ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಗುಣಾಂಕವನ್ನು ಅಂದಾಜು ಮಾಡುವ ವಿಧಾನ) ಸರಾಸರಿಯ ಜಾಗಕ್ಕೆ ಗುಣಾಂಕ ಬರುತ್ತದೆ, ಅಷ್ಟೇ: ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಮತ್ತು ಇಳುವರಿಯ ನಡುವಿನ ಗುಣಾಂಕ 30, ಅದರ ಮಾನಕ ದೋಷ 12 ಎಂದಿದ್ದರೆ ಟಿ 2.5. ವೀಕ್ಷಣೆಗಳು 40, ಅಂದಾಜು ಮಾಡಿದ ಗುಣಾಂಕಗಳು ಸ್ಥಿರಾಂಕವೂ ಸೇರಿ ಎರಡು, ಆದ್ದರಿಂದ 38ರ ಸಾಲಿನಲ್ಲಿ ಗಡಿಯನ್ನು ಹುಡುಕಿ.