ಸೆಪರೇಷನ್ ಎಂದರೆ ಡಿವೋರ್ಸ್ ಅಲ್ಲ
ನಮಸ್ಕಾರ. ಗಂಡ ಹೆಂಡತಿ ಬೇರೆಯಾಗಿರುವುದಕ್ಕೆ ಬಳಸುವ ‘ಸೆಪರೇಷನ್’ ಪದಕ್ಕೂ ‘ಡಿವೋರ್ಸ್’ ಪದಕ್ಕೂ ಅರ್ಥ ಒಂದೆಯೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಇವೆರಡನ್ನು ಒಂದೆಂದು ತಿಳಿದು ಇನ್ನೊಂದು ಮದುವೆಗೆ ಮುಂದಾದರೆ ಅದು ಅಪರಾಧವಾಗುವುದರಿಂದ, ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಅರಿತಿರುವುದು ಅಗತ್ಯ.

ಡಿವೋರ್ಸ್ ಆದರೆ ಮದುವೆಯೇ ಮುಗಿಯುತ್ತದೆ. ಸೆಪರೇಷನ್‌ನಲ್ಲಿ ದಂಪತಿಗಳು ದೂರವಾಗಿದ್ದರೂ ಕಾನೂನಿನ ದೃಷ್ಟಿಯಲ್ಲಿ ಗಂಡ ಹೆಂಡತಿಯಾಗಿಯೇ ಉಳಿಯುತ್ತಾರೆ. ತಾವಾಗಿಯೇ ಬೇರೆ ಇರುವುದಕ್ಕೂ ಜನ ಈ ಪದವನ್ನು ಬಳಸುವುದುಂಟು. ಆದರೆ 1955ರ ಹಿಂದೂ ವಿವಾಹ ಕಾಯ್ದೆಯ 10ನೇ ಕಲಮು ಹೇಳುವ ‘ಜುಡಿಷಿಯಲ್ ಸೆಪರೇಷನ್’ ಎಂಬುದು ನ್ಯಾಯಾಲಯವೇ ನೀಡುವ ಡಿಕ್ರಿ. ಅದು ಸಿಕ್ಕ ಮೇಲೆ ಒಟ್ಟಿಗೆ ಬಾಳಬೇಕೆಂಬ ಬಾಧ್ಯತೆ ಇರುವುದಿಲ್ಲ. ಮನಸ್ಸು ಬದಲಾದರೆ ಮತ್ತೆ ಕೂಡಿ ಬಾಳಲು ಅವಕಾಶವಿರುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಏರ್ಪಾಡಿನ ನಿಜವಾದ ಬೆಲೆ ಇರುವುದು ಇಲ್ಲಿಯೇ. ಡಿಕ್ರಿಯ ನಂತರ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸಹಜೀವನ ಮರಳಿ ಆರಂಭವಾಗದಿದ್ದರೆ, ಇಬ್ಬರಲ್ಲಿ ಯಾರು ಬೇಕಾದರೂ ವಿಚ್ಛೇದನಕ್ಕೆ ಅರ್ಜಿ ಸಲ್ಲಿಸಬಹುದು.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಬೇಕಾದ ಒಂದು ವರ್ಷದ ‘ಬೇರೆ ವಾಸ’ಕ್ಕೆ ಮಾತ್ರ ಇಂಥ ಡಿಕ್ರಿ ಬೇಕಿಲ್ಲ. ದಾಂಪತ್ಯ ನಡೆಸದೆ ಒಂದೇ ಸೂರಿನಡಿ ಇದ್ದರೂ ಅದು ಬೇರೆ ವಾಸವಾಗಬಹುದೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ.