ಸಹಾಯಾರ್ಥ ಬೀದಿ ಚಿತ್ರ ಪ್ರದರ್ಶನಕ್ಕೆ ಸಂಜೆ ಹೋದರೆ ಚಿತ್ರ ಅಗ್ಗವಾಗಿ ಸಿಗುತ್ತದೆಯೇ?

ಚಿಕ್ಕಮಗಳೂರಿನ ಪ್ರದರ್ಶನಕ್ಕೆ 5,000 ರೂಪಾಯಿ ತೆಗೆದಿಟ್ಟಿದ್ದೀರಿ. ಸಂಜೆಯವರೆಗೆ ಕಾದರೆ ಬೆಲೆ ಇಳಿಯುತ್ತದೆಯೇ, ಇಲ್ಲವೇ ಆ ಹಣವನ್ನು ನೇರವಾಗಿ ದೇಣಿಗೆ ಕೊಡುವುದೇ ಮೇಲೇ ಎಂದು ಕೇಳಿದ್ದೀರಿ. 2017ರ ಫೆಬ್ರವರಿಯ ಒಂದು ಭಾನುವಾರ ನಾನು ಇದೇ ಊರಿನಲ್ಲಿ, ಇಷ್ಟೇ ಹಣವನ್ನು ಜೇಬಿನಲ್ಲಿಟ್ಟುಕೊಂಡು, ಇದೇ ಲೆಕ್ಕ ಹಾಕುತ್ತಾ ನಿಂತಿದ್ದೆ.

ಶ್ರವಣದೋಷವುಳ್ಳ ಮಕ್ಕಳಿಗೆ ಶ್ರವಣ ಸಾಧನ ಕೊಡಿಸಲು ಊರಿನ ಕೆಲವು ಚಿತ್ರಕಲಾ ಶಿಕ್ಷಕರೂ ಯುವಕರೂ ಸೇರಿ ಮಾಡಿದ ಪ್ರದರ್ಶನವದು. ಆಜಾದ್ ಪಾರ್ಕಿನ ಬಳಿ ರಸ್ತೆಯ ಒಂದು ಬದಿಗೆ ಬೊಂಬಿನ ಚೌಕಟ್ಟು ಕಟ್ಟಿ, ಕ್ಲಿಪ್ಪು ಹಾಕಿ ಚಿತ್ರಗಳನ್ನು ತೂಗುಬಿಟ್ಟಿದ್ದರು. ಹತ್ತು ಗಂಟೆಯ ಹೊತ್ತಿಗೆ ನಾನು ಅಲ್ಲಿಗೆ ಹೋದಾಗ ಹೆಚ್ಚು ಜನರಿರಲಿಲ್ಲ. ಏಳೆಂಟು ಚೌಕಟ್ಟು ದಾಟಿದ ಮೇಲೆ ಒಂದು ಜಲವರ್ಣ ಚಿತ್ರದ ಮುಂದೆ ನನ್ನ ಕಾಲು ನಿಂತಿತು. ಮಳೆ ಬಿಟ್ಟ ರಸ್ತೆ, ನೀರು ತೊಟ್ಟಿಕ್ಕುತ್ತಿರುವ ಮಂಗಳೂರು ಹೆಂಚಿನ ಮಾಡು, ಅದರ ಕೆಳಗೆ ಹಲಗೆ ಬಾಗಿಲು ಹಾಕಿದ ಒಂದು ಅಂಗಡಿ. ಹಲಗೆಗಳ ಮೇಲೆ ಬಿಳಿ ಬಣ್ಣದಲ್ಲಿ ಕನ್ನಡದ ಅಂಕಿಗಳಿದ್ದವು. ಒಂದರಿಂದ ಒಂಬತ್ತರವರೆಗೆ ಇರಬೇಕಾದ ಸಾಲಿನಲ್ಲಿ ಏಳನೆಯದು ಮಾತ್ರ ಇರಲಿಲ್ಲ. ಅದನ್ನು ಪಕ್ಕದ ಗೋಡೆಗೆ ಒರಗಿಸಿಟ್ಟಂತೆ ಬರೆದಿದ್ದರು.

ಅದು ನಮ್ಮ ತಂದೆಯವರ ಕಾಫಿ ಪುಡಿ ಅಂಗಡಿ. ಬಸವನಹಳ್ಳಿಯ ಕಡೆ ಬಾಡಿಗೆ ಕಟ್ಟಡದಲ್ಲಿ ಅವರು 27 ವರ್ಷ ಅದನ್ನು ನಡೆಸಿದರು. ಆಷಾಢದ ಮಳೆ ಹಿಡಿದಾಗ ಏಳನೆಯ ಹಲಗೆ ಉಬ್ಬಿ ಬಾಗಿಲ ಚೌಕಟ್ಟಿನ ತೋಡಿನೊಳಗೆ ಇಳಿಯುತ್ತಿರಲಿಲ್ಲ. ಅದನ್ನು ಹೊರಗೆ ಒರಗಿಸಿ, ಆ ಸಂದಿಗೆ ತಗಡು ಹೊಡೆದು ಮನೆಗೆ ಬರುತ್ತಿದ್ದರು. ಆ ಕಟ್ಟಡವನ್ನು 2011ರಲ್ಲಿ ಕೆಡವಿದರು. ತಂದೆಯವರು 2014ರಲ್ಲಿ ತೀರಿಕೊಂಡರು. ನಮ್ಮ ಮನೆಯಲ್ಲಿ ಆ ಅಂಗಡಿಯ ಒಂದು ಫೋಟೋ ಕೂಡ ಇಲ್ಲ.

ಕೆಳಗೆ ಅಂಟಿಸಿದ್ದ ಚೀಟಿಯಲ್ಲಿ 4,500 ರೂಪಾಯಿ ಎಂದಿತ್ತು. ಕಲಾವಿದೆ ಪಕ್ಕದಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದರು. ನಾನು ಅವರನ್ನು ಕೇಳಿದ ಮೊದಲ ಮಾತು, “ಕೊನೆಗೆ ಎಷ್ಟಕ್ಕೆ ಕೊಡುತ್ತೀರಿ?” ಎಂಬುದು. 3,000ಕ್ಕೆ ಕೊಡಿ ಎಂದೂ ಹೇಳಿದೆ. ಅವರು ಬೇಸರಿಸಿಕೊಳ್ಳದೆ ಲೆಕ್ಕ ಬಿಡಿಸಿ ಹೇಳಿದರು. ಪ್ರತಿ ಚಿತ್ರದ ಬೆಲೆಪಟ್ಟಿಯನ್ನು ಸಂಘಟಕರಿಗೆ ಮೊದಲೇ ಬರೆದುಕೊಟ್ಟಿದ್ದಾರೆ. ಎಷ್ಟಕ್ಕೇ ಮಾರಲಿ, ಪಟ್ಟಿಯ ಬೆಲೆಯ ಅರ್ಧ, ಅಂದರೆ 2,250 ರೂಪಾಯಿ, ಮಕ್ಕಳ ನಿಧಿಗೆ ಹೋಗಲೇಬೇಕು. 3,000ಕ್ಕೆ ಕೊಟ್ಟರೆ ಅವರ ಪಾಲಿಗೆ 750 ಉಳಿಯುತ್ತದೆ, ಕಟ್ಟು ಹಾಕಿಸಿದ್ದಕ್ಕೇ 650 ಆಗಿದೆ. ನಾನು ಕೇಳಿದ ರಿಯಾಯಿತಿ ಪೂರ್ತಿಯಾಗಿ ಅವರ ದುಡಿಮೆಯಿಂದ ಹೋಗಬೇಕಾಗಿತ್ತು. ಇದೆಲ್ಲ ನನಗೆ ಅರ್ಥವಾಯಿತು. ಆದರೂ “ಸಂಜೆ ಬರುತ್ತೇನೆ” ಎಂದು ಹೇಳಿ ಹೊರಟೆ.

ಹೀಗೆ ಹೊರಟದ್ದಕ್ಕೆ ನನ್ನ ಮನಸ್ಸಿನಲ್ಲಿ ಏನೇನಿತ್ತು ಎಂಬುದನ್ನು ಪೂರ್ತಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದೇ ಇದೆ. ಮೊದಲನೆಯದು ಹಬ್ಬದ ಹೂವಿನ ವ್ಯಾಪಾರದ ಅನುಭವ. ಆಯುಧಪೂಜೆಯ ದಿನ ಬೆಳಿಗ್ಗೆ ಮಾರು ಸೇವಂತಿಗೆಗೆ ಹೇಳುವ ಬೆಲೆ ಸಂಜೆಗೆ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ, ಬೀದಿಯಲ್ಲಿ ಮಾರುವ ಯಾವ ವಸ್ತುವಿಗೂ ಇದೇ ನಿಯಮ ಎಂದು ನಾನು ತಿಳಿದಿದ್ದೆ. ಆದರೆ ಹೂವಾಡಗಿತ್ತಿ ಬೆಲೆ ಇಳಿಸುವುದು ಮರುದಿನ ಆ ಹೂವು ಕಸವಾಗುತ್ತದೆ ಎಂಬ ಕಾರಣಕ್ಕೆ. ಚಿತ್ರ ಬರೆದವರು ಅದನ್ನು ಮನೆಗೆ ಕೊಂಡೊಯ್ದರೆ ಮರುವರ್ಷವೂ ಅದು ಅದೇ ಚಿತ್ರವಾಗಿರುತ್ತದೆ. ಎರಡನೆಯದು ಬೆಂಗಳೂರಿನ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಾ ಬಂದಿರುವ ಆ ಸಂತೆಗೆ ನಾನು 2015ರಲ್ಲಿ ಹೋಗಿದ್ದೆ. ದೂರದ ಊರಿನಿಂದ ಬಂದ ಒಬ್ಬರು ರಾತ್ರಿಯ ಬಸ್ಸಿಗೆ ಹೊರಡುವ ಅವಸರದಲ್ಲಿ 2,500 ರೂಪಾಯಿಯ ಚಿತ್ರವನ್ನು 1,500ಕ್ಕೆ ನನಗೆ ಕೊಟ್ಟರು. ಆ ಒಂದು ಸಂಜೆಯನ್ನು ನಾನು ಜಾಣತನದ ಪಾಠವೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಮೂರನೆಯದಾಗಿ, ಕೆಡವಿ ಹೋದ ಒಂದು ಸಣ್ಣ ಕಾಫಿ ಪುಡಿ ಅಂಗಡಿಯ ಚಿತ್ರ ನಮ್ಮನ್ನು ಬಿಟ್ಟು ಇನ್ನಾರಿಗೆ ಬೇಕಾದೀತು ಎಂದು ನಾನು ನಂಬಿದ್ದೆ.

ಇವೆಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದು ನನ್ನ ತಂದೆಯ ಅಂಗಡಿ ಎಂಬುದನ್ನು ನಾನು ಬೇಕೆಂದೇ ಅವರಿಂದ ಮುಚ್ಚಿಟ್ಟೆ. ಹೇಳಿದರೆ ಇವನಿಗೆ ಈ ಚಿತ್ರ ಬೇಕೇ ಬೇಕು ಎಂದು ತಿಳಿದುಹೋಗುತ್ತದೆ, ಆಮೇಲೆ ಒಂದು ರೂಪಾಯಿಯೂ ಇಳಿಸುವುದಿಲ್ಲ ಎಂದು ಲೆಕ್ಕ ಹಾಕಿದೆ. ಏಳನೆಯ ಹಲಗೆಯನ್ನು ನೋಡಿದಾಗ ಗಂಟಲು ಕಟ್ಟಿ ಬಂದಿತ್ತು; ಅದು ಅವರಿಗೆ ಕಾಣದಿರಲಿ ಎಂದು ಪಕ್ಕದ ಚಿತ್ರದ ಕಡೆ ತಿರುಗಿ, ಅದರ ಬೆಲೆಯನ್ನು ವಿಚಾರಿಸಿದೆ.

ಸಂಜೆ ನಾಲ್ಕೂವರೆಗೆ ಹಿಂದಿರುಗಿದಾಗ ಕ್ಲಿಪ್ಪು ಮಾತ್ರ ತೂಗುತ್ತಿತ್ತು. ಮುಳ್ಳಯ್ಯನಗಿರಿ ನೋಡಿಕೊಂಡು ಬಂದ ಬೇರೆ ಊರಿನ ಒಂದು ಕುಟುಂಬ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಚೌಕಾಸಿ ಮಾಡದೆ 4,500 ರೂಪಾಯಿ ಕೊಟ್ಟು ಅದನ್ನು ಕೊಂಡೊಯ್ದಿತ್ತು. ಆಗ ನಾನು ಕಲಾವಿದೆಗೆ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, ವಿದ್ಯಾರ್ಥಿನಿಯಾಗಿದ್ದಾಗ, 2009ರಲ್ಲಿ, ಅಲ್ಲೇ ಎದುರಿನ ಜಗಲಿಯ ಮೇಲೆ ಕುಳಿತು ಅದನ್ನು ಬರೆದದ್ದಾಗಿ ಹೇಳಿದರು. ಬಾಗಿಲು ಹಾಕಿ ಹೊರಟಿದ್ದ ಅಂಗಡಿಯ ಹಿರಿಯರು ಇವರನ್ನು ನೋಡಿ ಹಿಂದಿರುಗಿ ಬಂದು, ಜಗಲಿ ತಣ್ಣಗಿದೆ ಎಂದು ಮಡಿಸಿದ ಗೋಣಿಚೀಲವೊಂದನ್ನು ಹಾಸಿಕೊಟ್ಟಿದ್ದರಂತೆ. “ಬೆಳಿಗ್ಗೆಯೇ ಹೇಳಿದ್ದರೆ ಯಾರಿಗೂ ಕೊಡುತ್ತಿರಲಿಲ್ಲ, ತೆಗೆದಿಡುತ್ತಿದ್ದೆ, ಹಣ ಮುಂದಿನ ತಿಂಗಳು ಕೊಟ್ಟರೂ ಆಗುತ್ತಿತ್ತು” ಎಂದರು. ಸಂಘಟಕರ ರಸೀದಿ ಪುಸ್ತಕ ತೆರೆಸಿ ನೋಡಿದೆವು. ಚಿತ್ರದ ಸಂಖ್ಯೆ, ಮೊತ್ತ, “ನಗದು” ಎಂಬ ಪದ, ಇಷ್ಟೇ ಇತ್ತು. ಕೊಂಡವರ ಹೆಸರಿಲ್ಲ, ಊರಿಲ್ಲ. ಮತ್ತೊಮ್ಮೆ ಬರೆದುಕೊಡಲು ಸಾಧ್ಯವೇ ಎಂದು ಕೇಳಿದೆ. ನೋಡಿ ಬರೆಯಲು ಅವರ ಬಳಿಯೂ ಏನೂ ಉಳಿದಿರಲಿಲ್ಲ.

ಆದ್ದರಿಂದ ಸಂಜೆ ಬೆಲೆ ಇಳಿಯುತ್ತದೆಯೇ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೆಲವೊಮ್ಮೆ ಇಳಿಯುತ್ತದೆ ನಿಜ, ಆದರೆ ಸಹಾಯಾರ್ಥ ಮಾರಾಟದಲ್ಲಿ ಇಳಿದದ್ದು ಯಾರ ಪಾಲು ಎಂಬುದನ್ನು ತಿಳಿಯದೆ ಕೇಳುವುದು ಸರಿಯಲ್ಲ. ಒಂದೋ ಅದು ಬರೆದವರ ಕೂಲಿಯಿಂದ ಹೋಗುತ್ತದೆ, ಇಲ್ಲವೇ ಯಾರ ಹೆಸರಿನಲ್ಲಿ ಪ್ರದರ್ಶನ ನಡೆಯುತ್ತಿದೆಯೋ ಅವರ ನಿಧಿಯಿಂದ ಹೋಗುತ್ತದೆ. ನಿಮ್ಮ ಕೈಯಲ್ಲಿ 5,000 ಇದ್ದರೆ 5,000ದೊಳಗಿನ ಚಿತ್ರಗಳನ್ನು ನೋಡಿ. ಅದರೊಳಗೆ ಮೆಚ್ಚಿಗೆಯಾದದ್ದು ಸಿಗದಿದ್ದರೆ ಚಿಕ್ಕ ಅಳತೆಯ ಕೆಲಸಗಳನ್ನೋ, ಲಿನೊ (ಲಿನೋಲಿಯಂ ಹಾಳೆ) ಅಥವಾ ಮರದ ಅಚ್ಚಿನಿಂದ ಕೈಯಾರೆ ತೆಗೆದ ಮುದ್ರಣಗಳನ್ನೋ ನೋಡಿ. ಅಂತಹ ಮುದ್ರಣಗಳ ಅಂಚಿನಲ್ಲಿ ಪೆನ್ಸಿಲಿನಲ್ಲಿ 3/25 ಎಂಬಂತಹ ಸಂಖ್ಯೆಯೂ ಸಹಿಯೂ ಇರುತ್ತವೆ; ಇಪ್ಪತ್ತೈದು ಪ್ರತಿಗಳಲ್ಲಿ ಅದು ಮೂರನೆಯದು ಎಂದು ಅರ್ಥ. ಅವನ್ನು ನಕಲು ಎಂದು ತಿಳಿಯಬೇಡಿ, ಅವು ಮೂಲಕೃತಿಗಳೇ. ನಕಲು ಎಂದರೆ ಯಂತ್ರದಲ್ಲಿ ಕ್ಯಾನ್ವಾಸಿನ ಮೇಲೆ ಛಾಪಿಸಿ ತೈಲಚಿತ್ರವೆಂದು ಮಾರುವಂಥದ್ದು. ಓರೆಯಾಗಿ ಹಿಡಿದು ಬೆಳಕಿಗೆ ನೋಡಿದರೆ ಕುಂಚದ ಏರಿಳಿತ ಕಾಣುವುದಿಲ್ಲ, ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಚುಕ್ಕೆಗಳು ಕಾಣುತ್ತವೆ.

ನೇರ ದೇಣಿಗೆಯ ವಿಷಯಕ್ಕೆ ಬರುತ್ತೇನೆ. ಚಿತ್ರ ಕೊಳ್ಳುವುದು ಮತ್ತು ದೇಣಿಗೆ ಕೊಡುವುದು ಎರಡು ಬೇರೆ ಬೇರೆ ಕೆಲಸಗಳು. ಒಂದನ್ನು ಇನ್ನೊಂದರ ತಕ್ಕಡಿಯಲ್ಲಿ ತೂಗಬೇಡಿ. ಗೋಡೆಗೆ ಚಿತ್ರ ಬೇಡವಾದರೆ ಪೂರ್ತಿ ಹಣವನ್ನು ನಿಧಿಗೆ ಕೊಡಿ, ಅದು ಖಂಡಿತ ಒಳ್ಳೆಯದು. ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಮನಸ್ಸಿನಲ್ಲಿದ್ದರೆ, ಅದು ಆ ವಿನಾಯಿತಿಗೆಂದೇ ನೋಂದಾಯಿತವಾದ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಮಾತ್ರ ಅನ್ವಯಿಸುತ್ತದೆ. ಹಣಕ್ಕೆ ಪ್ರತಿಯಾಗಿ ಚಿತ್ರ ಪಡೆದಾಗ ಆ ಬೆಲೆ ದೇಣಿಗೆಯಾಗುವುದಿಲ್ಲ. 2,000 ರೂಪಾಯಿ ಮೀರಿದ ನಗದು ದೇಣಿಗೆಗೂ ಆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಇಲ್ಲವೇ ಇಲ್ಲ. ಆದರೆ ನೀವು ಚಿತ್ರ ಕೊಳ್ಳುವ ಆಸೆಯಿಂದಲೇ ಪ್ರಶ್ನೆ ಕೇಳಿದ್ದೀರಿ ಎಂದು ನನಗೆ ಅನಿಸುತ್ತಿದೆ. ಹಾಗಿದ್ದರೆ ಕೊಳ್ಳಿ. ನಿಧಿಗೂ ಹಣ ಹೋಗುತ್ತದೆ, ಬರೆದವರಿಗೂ ಅಕ್ಕಿಬೇಳೆಗೆ ಆಗುತ್ತದೆ. ಕಲಾವಿದರು ಪೂರ್ತಿ ಹಣವನ್ನು ಬಿಟ್ಟುಕೊಡಬೇಕು ಎಂದು ನಿರೀಕ್ಷಿಸುವವರನ್ನು ನಾನು ಕಂಡಿದ್ದೇನೆ, ಅದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಊಟದ ವ್ಯವಸ್ಥೆ ಮಾಡಿದವರಿಗೂ ಶಾಮಿಯಾನದವರಿಗೂ ಹಣ ಸಂದಾಯವಾಗುವ ಕಡೆ ಚಿತ್ರ ಬರೆದವರೊಬ್ಬರೇ ಏಕೆ ಬರಿಗೈಯಲ್ಲಿ ಹೋಗಬೇಕು?

ಹಣ ಕೊಡುವ ಮೊದಲು ಎಷ್ಟು ಪಾಲು ಯಾರಿಗೆ ಎಂದು ಸಂಘಟಕರನ್ನು ಸಂಕೋಚವಿಲ್ಲದೆ ಕೇಳಿ. ಪ್ರಾಮಾಣಿಕವಾಗಿ ನಡೆಸುವವರು ತಕ್ಷಣ ಹೇಳುತ್ತಾರೆ. ರಸೀದಿಯಲ್ಲಿ ಚಿತ್ರದ ಹೆಸರು, ಮಾಧ್ಯಮ, ಕಲಾವಿದರ ಹೆಸರು, ನಿಮ್ಮ ಹೆಸರು, ಫೋನ್ ಸಂಖ್ಯೆ ಇವೆಲ್ಲವನ್ನೂ ಬರೆಸಿ. ಅಂದಿನ ರಸೀದಿಯಲ್ಲಿ ಒಂದು ಫೋನ್ ಸಂಖ್ಯೆ ಇದ್ದಿದ್ದರೆ ನಾನು ಆ ಕುಟುಂಬಕ್ಕೆ ಕರೆ ಮಾಡಿ, ಚಿತ್ರವನ್ನು ಕೊಡಿ ಎಂದಲ್ಲ, ಒಂದು ಫೋಟೋ ಕಳಿಸಿ ಎಂದಾದರೂ ಕೇಳಬಹುದಾಗಿತ್ತು. ಇನ್ನೊಂದು ಮಾತು, ನೀವು ಹೋಂಸ್ಟೇ ನಡೆಸುವವರಾದರೆ ಉಪಯೋಗಕ್ಕೆ ಬರುತ್ತದೆ: ಚಿತ್ರ ಕೊಂಡ ಮಾತ್ರಕ್ಕೆ ಅದನ್ನು ಕ್ಯಾಲೆಂಡರಿನಲ್ಲೋ ಕರಪತ್ರದಲ್ಲೋ ಅಚ್ಚು ಹಾಕುವ ಹಕ್ಕು ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಲಿಖಿತವಾಗಿ ಬಿಟ್ಟುಕೊಡದ ಹೊರತು ಆ ಹಕ್ಕು ಸಾಮಾನ್ಯವಾಗಿ ಬರೆದವರಲ್ಲೇ ಉಳಿಯುತ್ತದೆ.

ಮರುವರ್ಷ ಅದೇ ಕಲಾವಿದೆಯಿಂದ ಬಸವನಹಳ್ಳಿ ಕೆರೆಯ ಮಂಜಿನ ಚಿತ್ರವೊಂದನ್ನು ಚೀಟಿಯಲ್ಲಿದ್ದ 3,800 ರೂಪಾಯಿಗೇ ಕೊಂಡೆ. ನಮ್ಮ ಮಲೆನಾಡಿನ ಅಂಚಿನ ಹವೆಯಲ್ಲಿ ಕಾಗದದ ಮೇಲಿನ ಚಿತ್ರವನ್ನು ಉಳಿಸಿಕೊಳ್ಳುವುದು ಹೇಗೆಂದು ಅವರೇ ಹೇಳಿಕೊಟ್ಟರು. ಜೂನ್ ತಿಂಗಳಿನಿಂದ ಗೋಡೆಗಳು ನೀರು ಕುಡಿಯುತ್ತವೆ. ಗಾಜು ಚಿತ್ರಕ್ಕೆ ತಾಗಿಕೊಂಡಿದ್ದರೆ ನಡುವೆ ತೇವ ಕೂತು ಬೂಷ್ಟು ಹಿಡಿಯುತ್ತದೆ, ಬಣ್ಣ ಗಾಜಿಗೆ ಅಂಟಿಕೊಳ್ಳುವುದೂ ಉಂಟು. ಹಾಗಾಗಿ ಗಾಜಿಗೂ ಕಾಗದಕ್ಕೂ ನಡುವೆ ಆಮ್ಲರಹಿತ ರಟ್ಟಿನ ಮೌಂಟು, ಅಂದರೆ ಚಿತ್ರದ ಸುತ್ತಲಿನ ಅಂಚುಪಟ್ಟಿ, ಇರಲೇಬೇಕು. ಮೌಂಟು ಹಾಕಿದರೆ ಚಿತ್ರ ಚಿಕ್ಕದಾಗಿ ಕಾಣುತ್ತದೆ, ಖರ್ಚೂ ಹೆಚ್ಚು ಎಂದು ಕಟ್ಟು ಹಾಕುವವರು ಹೇಳಬಹುದು, ಕೇಳಬೇಡಿ. ಚೌಕಟ್ಟಿನ ಹಿಂಭಾಗದ ಕೆಳಗಿನ ಎರಡು ಮೂಲೆಗಳಿಗೆ ಬಿರಡೆಯ ಸಣ್ಣ ತುಂಡುಗಳನ್ನು ಅಂಟಿಸಿದರೆ ಗೋಡೆಯಿಂದ ಅರ್ಧ ಬೆರಳು ದೂರ ನಿಂತು ಹಿಂದೆ ಗಾಳಿ ಆಡುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ, ನೇರ ಬಿಸಿಲು ಬೀಳುವ ಕಡೆಯೂ ಬೇಡ, ಜಲವರ್ಣ ಬಹಳ ಬೇಗ ಮಾಸುತ್ತದೆ. ನನ್ನ ಕೆರೆಯ ಚಿತ್ರ ನಡುಮನೆಯ ಒಳಗೋಡೆಯ ಮೇಲಿದೆ, ಇಷ್ಟು ಮಳೆಗಾಲಗಳಲ್ಲಿ ಒಂದು ಚುಕ್ಕೆ ಬಂದಿಲ್ಲ.

ಭಾನುವಾರ ಬೆಳಿಗ್ಗೆ ಅವರು ಕ್ಲಿಪ್ಪು ಹಾಕುತ್ತಿರುವಾಗಲೇ ಹೋಗಿ. ಮೊದಲ ಸುತ್ತಿನಲ್ಲಿ ಬೆಲೆಯ ಚೀಟಿ ನೋಡದೆ ಚಿತ್ರಗಳನ್ನು ಮಾತ್ರ ನೋಡಿ. ಯಾವುದರ ಮುಂದೆ ನಿಲ್ಲುತ್ತೀರೋ ಅದು ನಿಮಗೆ ಏಕೆ ಹಿಡಿಸಿತು ಎಂಬುದನ್ನು ಬರೆದವರಿಗೆ ಬಾಯಿಬಿಟ್ಟು ಹೇಳಿ, ಬೆಲೆಯ ಮಾತು ಆಮೇಲೆ ಬರಲಿ. ಚಿತ್ರಕ್ಕಿಂತ ಸ್ವಲ್ಪ ದೊಡ್ಡದಾದ ಎರಡು ರಟ್ಟಿನ ಹಾಳೆಗಳನ್ನೂ ಒಂದು ಹಳೆಯ ಹತ್ತಿಯ ಪಂಚೆಯನ್ನೂ ಮನೆಯಿಂದಲೇ ಕೊಂಡೊಯ್ಯಿರಿ. ನೀವು ನೋಡುವ ಚಿತ್ರಗಳಲ್ಲಿ ಹೆಂಚಿನ ಮಾಡಿನ ಕೆಳಗೆ ಎಂಟು ಹಲಗೆ ಹಾಕಿ ಒಂದನ್ನು ಗೋಡೆಗೆ ಒರಗಿಸಿದ ಅಂಗಡಿ ಎಲ್ಲಾದರೂ ಕಂಡರೆ, ದಯವಿಟ್ಟು ಈ ಉತ್ತರದ ಕೆಳಗೆ ಒಂದು ಸಾಲು ಬರೆಯಿರಿ.